ಎಪ್ಪತ್ತೈದು ಸಾವಿರದ ಬಾಂಡ್: ನಡುವೆ ಬಿಟ್ಟು ಹೊರಟ ಇಂಟರ್ನ್ ಒಬ್ಬಳ ಪ್ರಕರಣ

2025ರ ಮಾರ್ಚ್ 12, ಬುಧವಾರ. ಶಿವಮೊಗ್ಗದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್ ಆಗಿದ್ದ ಬಿಇ ಕೊನೇ ಸೆಮಿಸ್ಟರಿನ ಹುಡುಗಿಯೊಬ್ಬಳು ರಾಜೀನಾಮೆಯ ಮೇಲ್ ಕಳಿಸಿದಳು. ಸೇರಿ ಐದೂವರೆ ವಾರ ಆಗಿತ್ತು ಅಷ್ಟೆ. ಮೇಲ್‌ನಲ್ಲಿ ಮೂರೇ ಸಾಲು: ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, 24ಕ್ಕೆ ಅಲ್ಲಿ ಸೇರಬೇಕು, 22ರವರೆಗೆ ಇಲ್ಲಿಗೆ ಬಂದು ಕೆಲಸ ಒಪ್ಪಿಸಿ ಹೋಗುತ್ತೇನೆ.

ಮಾರನೇ ದಿನ ಬೆಳಗ್ಗೆ ಅವಳ ಲಾಗಿನ್ ಬಂದ್ ಆಗಿತ್ತು. ಆಫೀಸಿನ ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದರು. ಇನ್ನು ಬರೋದು ಬೇಡ ಅಂತ ಮೆಸೇಜ್. ಸಂಜೆ ಹೊತ್ತಿಗೆ ರಿಪ್ಪನ್‌ಪೇಟೆ ಹತ್ತಿರದ ಹಳ್ಳಿಯಲ್ಲಿರುವ ಅವಳ ಅಪ್ಪನಿಗೆ ಫೋನು ಹೋಯಿತು: ಸೇರುವಾಗ ಸಹಿ ಹಾಕಿದ ಬಾಂಡ್ ಪ್ರಕಾರ 75,000 ರೂಪಾಯಿ ಕಟ್ಟಿ, ಇಲ್ಲಾಂದ್ರೆ ನೀವು ಕೊಟ್ಟ ಚೆಕ್ ಬ್ಯಾಂಕಿಗೆ ಹಾಕುತ್ತೇವೆ. ನಮ್ಮ ಕಾಲೇಜಿಗೂ ಒಂದು ಮೇಲ್ ಬಂತು. ನಿಮ್ಮ ಮಕ್ಕಳಿಗೆ ಶಿಸ್ತಿಲ್ಲ, ಇನ್ನು ಮುಂದೆ ನಿಮ್ಮ ಕಾಲೇಜಿನಿಂದ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಅಂತ.

ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಕೆಲಸ ನನ್ನದು. ಇಂಟರ್ನ್‌ಗಳು ಅರ್ಧಕ್ಕೆ ಬಿಡುವುದು ಪ್ರತಿ ವರ್ಷ ಇದ್ದಿದ್ದೇ. ಹೆಚ್ಚಿನವು ಒಂದೆರಡು ಫೋನಿನಲ್ಲಿ ಮುಗಿದು ಹೋಗುತ್ತವೆ. ಇದು ಮುಗಿಯಲಿಲ್ಲ. ಯಾಕೆ ಮುಗಿಯಲಿಲ್ಲ, ಕೊನೆಗೆ ಹೇಗೆ ಬಗೆಹರಿಯಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ಕಂಪನಿಯ ಹೆಸರು, ಹುಡುಗಿಯ ಹೆಸರು ಎರಡನ್ನೂ ಬಿಟ್ಟಿದ್ದೇನೆ.

ಕಂಪನಿ, ಹುಡುಗಿ, ಕಾಗದ

ಕಂಪನಿ ಅಂದರೆ ಮಹಡಿ ಮೇಲಿನ ಎರಡು ಕೋಣೆ, ಎಂಟು ಜನ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ. ಕೇಳಲು ಸಣ್ಣ ಕೆಲಸ ಅನ್ನಿಸಬಹುದು, ಅಲ್ಲ. ಒಬ್ಬ ಬೆಳೆಗಾರ ಒಂದೇ ದಿನ ರಾಶಿ, ಬೆಟ್ಟೆ, ಗೊರಬಲು ಅಂತ ಮೂರು ಬಗೆಯ ಅಡಿಕೆಯನ್ನೂ ತರಬಹುದು. ಮೂರಕ್ಕೂ ಬೇರೆ ಬೇರೆ ದರ. ಹಮಾಲಿ, ತೂಕದ ಖರ್ಚು ಕಳೆಯಬೇಕು. ಜೊತೆಗೆ ಮಳೆಗಾಲದಲ್ಲಿ ಮಂಡಿಯಿಂದ ತೆಗೆದುಕೊಂಡ ಮುಂಗಡ ಇರುತ್ತದೆ, ಅದಕ್ಕೆ ಬಡ್ಡಿ ಇರುತ್ತದೆ. ಎಲ್ಲ ಕಳೆದು ಉಳಿದದ್ದು ಬೆಳೆಗಾರನ ಕೈಗೆ. ರಾಶಿ ಕ್ವಿಂಟಾಲಿಗೆ 50,000ದ ಆಸುಪಾಸು ಇರುವಾಗ ಒಂದು ಕೆಜಿ ಲೆಕ್ಕ ತಪ್ಪಿದರೆ 500 ರೂಪಾಯಿ. ಮಂಡಿಯ ಗದ್ದಿಗೆ ಎದುರು ಕೂತವನು ಅದನ್ನು ಬಾಯಿಲೆಕ್ಕದಲ್ಲೇ ಹಿಡಿದುಬಿಡುತ್ತಾನೆ.

ಹುಡುಗಿ ಬೆಳೆದದ್ದೇ ಅಡಿಕೆ ತೋಟದ ನಡುವೆ. ಮನೆಯಲ್ಲಿ ಒಂದೆಕರೆ ಚಿಲ್ಲರೆ ತೋಟ. ಹಾಗಾಗಿ ಅವಳಿಗೆ ಈ ಲೆಕ್ಕ ಹೊಸದಲ್ಲ. ಎರಡನೇ ವಾರದಲ್ಲೇ ಮುಂಗಡ ಮತ್ತು ಬಡ್ಡಿ ಕಳೆಯುವ ಭಾಗವನ್ನು ಅವಳಿಗೆ ಕೊಟ್ಟರು. ಅವಳು ಬರೆದಳು, ನಡೆಯಿತು, ಎರಡು ಮಂಡಿಗಳಲ್ಲಿ ಹಾಕಿಯೂ ಆಯಿತು. ತಿಂಗಳಿಗೆ 8,000 ಸ್ಟೈಪೆಂಡ್. ವಿನೋಬನಗರದ ಪಿಜಿಗೆ ಅದರಲ್ಲಿ ಮುಕ್ಕಾಲು ಪಾಲು ಹೋಗುತ್ತಿತ್ತು.

ಬೆಂಗಳೂರಿನ ಕಂಪನಿಯ ಇಂಟರ್‌ವ್ಯೂ ಜನವರಿಯಲ್ಲೇ ಆಗಿತ್ತು. ಉತ್ತರ ಬಾರದೆ ಇದ್ದಾಗ ಅದು ಹೋಯ್ತು ಅಂದುಕೊಂಡು ಇಲ್ಲಿ ಸೇರಿದಳು. ಮಾರ್ಚ್‌ನಲ್ಲಿ ದಿಢೀರನೆ ಆಫರ್ ಬಂತು. 25,000 ಸ್ಟೈಪೆಂಡ್, ಮುಗಿದ ಮೇಲೆ ಕೆಲಸ. ಯಾರು ಬಿಡುತ್ತಾರೆ ಹೇಳಿ?

ಇನ್ನು ಕಾಗದ. ಸೇರಿದ ದಿನ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಅಪ್ಪನನ್ನೂ ಕರೆಸಿ ಜಾಮೀನು ಸಹಿ ಹಾಕಿಸಿದ್ದರು. ಅದರಲ್ಲಿ ಇದ್ದದ್ದು ಇಷ್ಟು. ಆರು ತಿಂಗಳು ಇಂಟರ್ನ್‌ಶಿಪ್, ಆಮೇಲೆ ಹದಿನೆಂಟು ತಿಂಗಳು ಕೆಲಸ. ನಡುವೆ ಬಿಟ್ಟರೆ ತರಬೇತಿ ಖರ್ಚು ಅಂತ 75,000. ಈ ಅವಧಿ ಮುಗಿಯುವವರೆಗೆ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿ ಕಂಪನಿಯ ಬಳಿ. ಅಪ್ಪನ ಸಹಿ ಇರುವ ಒಂದು ಖಾಲಿ ಚೆಕ್ ಕೂಡ. ಬಿಟ್ಟ ಮೇಲೆ ಒಂದು ವರ್ಷ ಬೇರೆ ಯಾವ ಸಾಫ್ಟ್‌ವೇರ್ ಕಂಪನಿಗೂ ಸೇರಬಾರದು.

ಇಷ್ಟೆಲ್ಲ ಇದ್ದ ಆ ಕಾಗದದಲ್ಲಿ ಒಂದು ಮಾತ್ರ ಇರಲಿಲ್ಲ. ಬಿಡಬೇಕು ಅನ್ನಿಸಿದವರು ಹೇಗೆ ಬಿಡಬೇಕು, ಎಷ್ಟು ದಿನ ಮೊದಲು ಹೇಳಬೇಕು, ಯಾರಿಗೆ ಕೆಲಸ ಒಪ್ಪಿಸಬೇಕು ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ದಂಡ ಇದೆ, ದಾರಿ ಇಲ್ಲ. ನನ್ನ ಪ್ರಕಾರ ಈ ಇಡೀ ಜಗಳ ಹುಟ್ಟಿದ್ದು ಅಲ್ಲಿಂದ.

ಅಪ್ಪ

ಶುಕ್ರವಾರ ಬೆಳಗ್ಗೆ ಮೊದಲ ಬಸ್ಸಿಗೇ ಅವರು ಕಾಲೇಜಿಗೆ ಬಂದರು. ಕೈಯಲ್ಲಿ ಸೊಸೈಟಿಯ ಪಾಸ್‌ಬುಕ್. "ಸಾರ್, ಎಂತ ಮಾಡೋದು ಈಗ? ಸೊಸೈಟಿಲಿ ಕೇಳಿದೀನಿ, ಮೂವತ್ತು ಸಾವಿರ ಆಗಬಹುದು ಅಂದ್ರು. ಉಳಿದಿದ್ದು ಮಂಡಿಲಿ ಮುಂಗಡ ಕೇಳ್ತೀನಿ" ಅಂದರು.

ಒಂದು ರಾತ್ರಿಯಲ್ಲಿ ಆ ಮನುಷ್ಯ ಸಾಲದ ವ್ಯವಸ್ಥೆ ಮಾಡಿಕೊಂಡಿದ್ದರು. ಕಟ್ಟಬೇಕಾ ಬೇಡವಾ ಅನ್ನೋ ಪ್ರಶ್ನೆಯೇ ಅವರಿಗೆ ಬಂದಿರಲಿಲ್ಲ. ಸಹಿ ಹಾಕಿದೀನಿ ಅಂದ ಮೇಲೆ ಕೊಡಬೇಕು, ಅಷ್ಟೇ. ಇಂಥ ಬಾಂಡ್‌ಗಳು ಕೆಲಸ ಮಾಡುವುದು ಹೀಗೆ. ಕೋರ್ಟಿಗೆ ಹೋಗುವ ಮಾತು ಕೊನೆಗೆ ಬರುತ್ತದೆ, ಅದಕ್ಕೂ ಎಷ್ಟೋ ಮೊದಲು ಹಳ್ಳಿಯ ಮನೆಯ ಮರ್ಯಾದೆ ತಾನಾಗಿ ದುಡ್ಡು ಹೊಂದಿಸಿರುತ್ತದೆ.

ಏನೂ ಕಟ್ಟಬೇಡಿ, ಯಾವ ಕಾಗದಕ್ಕೂ ಹೊಸದಾಗಿ ಸಹಿ ಹಾಕಬೇಡಿ, ಅವರು ಮತ್ತೆ ಫೋನ್ ಮಾಡಿದರೆ ಕಾಲೇಜಿನವರ ಹತ್ತಿರ ಮಾತಾಡಿ ಅನ್ನಿ ಅಂತ ಹೇಳಿ ಕಳಿಸಿದೆ. ಅವರು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಹೋಗುವಾಗ "ಮಗಳ ಸರ್ಟಿಫಿಕೇಟು ಅವ್ರ ಹತ್ರ ಇದೆ ಅಲ್ವಾ ಸಾರ್" ಅಂದರು. ದುಡ್ಡಿಗಿಂತ ಅದೇ ಜಾಸ್ತಿ ಹೆದರಿಸಿತ್ತು.

ಕಾನೂನಿನಲ್ಲಿ ಇದಕ್ಕೆಲ್ಲ ಎಷ್ಟು ಬಲ?

ಬಾಂಡ್ ಅಂದ ಕೂಡಲೇ ಎರಡು ಥರದ ಮಾತು ಕೇಳುತ್ತೇವೆ. ಸಹಿ ಹಾಕಿದ್ಮೇಲೆ ಮುಗೀತು ಅನ್ನುವವರು ಒಂದು ಕಡೆ. ಬಾಂಡ್‌ಗೆಲ್ಲ ಬೆಲೆಯೇ ಇಲ್ಲ, ಹರಿದು ಹಾಕಿ ಅನ್ನುವ ಹುಡುಗರು ಇನ್ನೊಂದು ಕಡೆ. ಎರಡೂ ಸರಿಯಲ್ಲ. ಪರಿಚಯದ ವಕೀಲರೊಬ್ಬರ ಜೊತೆ ಕೂತು ಆ ಕಾಗದವನ್ನು ಒಂದೊಂದೇ ಷರತ್ತಾಗಿ ನೋಡಿದೆವು.

ಒಂದು ವರ್ಷ ಬೇರೆ ಕಡೆ ಸೇರಬಾರದು ಅನ್ನೋದು ಎಲ್ಲಕ್ಕಿಂತ ಹಗುರ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಯಾರಿಗೇ ಆಗಲಿ ಕಾನೂನುಬದ್ಧ ಉದ್ಯೋಗ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಕೆಲಸದಲ್ಲಿ ಇರುವಾಗ ಬೇರೆ ಕಡೆ ದುಡಿಯಬಾರದು ಅನ್ನಬಹುದು. ಬಿಟ್ಟ ಮೇಲೆ ಅನ್ನುವಂತಿಲ್ಲ. ಅವಳು ಹೋಗುತ್ತಿದ್ದದ್ದು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಗೆ. ಅಡಿಕೆಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ?

ಬಲವಂತವಾಗಿ ಇದೇ ಕಂಪನಿಯಲ್ಲಿ ಕೆಲಸ ಮಾಡಿಸೋದೂ ಆಗಲ್ಲ. ಒಬ್ಬರ ಸ್ವಂತ ದುಡಿಮೆಯ ಮೇಲೆ ನಿಂತ ಕರಾರನ್ನು ಇದ್ದದ್ದು ಇದ್ದ ಹಾಗೆ ನಡೆಸಿಕೊಡು ಅಂತ ಕೋರ್ಟು ಆದೇಶ ಮಾಡುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಕೇಳಬಹುದಾದದ್ದು ನಷ್ಟ ಪರಿಹಾರ ಮಾತ್ರ.

ಆ ನಷ್ಟ 75,000ವಾ? ಇಲ್ಲಿ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಬರುತ್ತದೆ. ಕಾಗದದಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದು ಗರಿಷ್ಠ ಮಿತಿ ಅಷ್ಟೆ. ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ. ನಷ್ಟ ಎಷ್ಟು ಅಂತ ಲೆಕ್ಕ ಹಾಕಲು ಸಾಧ್ಯ ಇರುವ ಕಡೆ ಲೆಕ್ಕ ತೋರಿಸಲೇಬೇಕು. ಹಾಗಂತ ಬಾಂಡ್ ಪೂರ್ತಿ ಸುಳ್ಳು ಅಂತಲೂ ಅಲ್ಲ. ನಿಜವಾಗಿ ಖರ್ಚು ಮಾಡಿ ತರಬೇತಿ ಕೊಟ್ಟಿದ್ದರೆ ಒಂದಷ್ಟು ಸಿಗುತ್ತದೆ.

ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ವಿಷಯದಲ್ಲಿ ನನಗೆ ಸಿಟ್ಟು ಬರುತ್ತದೆ. 2018ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಕಾಲೇಜುಗಳಿಗೇ ಹೇಳಿದೆ: ಪ್ರವೇಶದ ಹೊತ್ತಿಗೆ ಮೂಲ ದಾಖಲೆ ನೋಡಿ, ಪರಿಶೀಲಿಸಿ, ಅಲ್ಲೇ ವಾಪಸ್ ಕೊಡಿ, ಇಟ್ಟುಕೊಳ್ಳಬೇಡಿ. ಓದಿಸುವ ಕಾಲೇಜಿಗೇ ಇಲ್ಲದ ಹಕ್ಕು ಎಂಟು ಸಾವಿರ ಕೊಡುವ ಕಂಪನಿಗೆ ಎಲ್ಲಿಂದ ಬಂತು? ಪುಣ್ಯಕ್ಕೆ ಈಗ ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರದ ಡಿಜಿಲಾಕರ್ ಇದೆ. ಅದರಲ್ಲಿರುವ ಅಂಕಪಟ್ಟಿ ಮೂಲ ದಾಖಲೆಗೆ ಸಮ ಅಂತ ಕಾನೂನೇ ಹೇಳುತ್ತದೆ. ಬೆಂಗಳೂರಿನ ಕಂಪನಿ ಅದನ್ನೇ ಒಪ್ಪಿಕೊಂಡಿತು. ಅಲ್ಲಿಗೆ ಆ ಬೆದರಿಕೆಯ ಹಲ್ಲು ಅರ್ಧ ಕಿತ್ತ ಹಾಗಾಯಿತು.

ನಿಜವಾಗಿ ಹೆದರಬೇಕಾದದ್ದು ಚೆಕ್ಕಿಗೆ. ಅಪ್ಪ ಮಗಳು ಇಬ್ಬರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಖಾಲಿ ಚೆಕ್ ಅಲ್ವಾ, ಅದರಲ್ಲಿ ಏನಿದೆ ಅಂತ. ವಕೀಲರು ಮಾತ್ರ ಮೊದಲು ಕೇಳಿದ್ದೇ ಅದನ್ನು. ಸಹಿ ಮಾಡಿದ ಖಾಲಿ ಚೆಕ್ ಕೈಯಲ್ಲಿದ್ದರೆ ಮೊತ್ತ, ದಿನಾಂಕ ತುಂಬಿ ಬ್ಯಾಂಕಿಗೆ ಹಾಕಬಹುದು. ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್ ಕೊಡಬಹುದು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಕೊಡದಿದ್ದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ದೂರು. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಚೆಕ್ ಕೊಟ್ಟದ್ದು ಸಾಲಕ್ಕೇ ಅಂತ ಕಾನೂನು ಮೊದಲಿಗೆ ಭಾವಿಸಿಕೊಳ್ಳುತ್ತದೆ. ಇಂಥ ಸಾಲವೇ ಇರಲಿಲ್ಲ ಅಂತ ತೋರಿಸುವ ಹೊಣೆ ಸಹಿ ಹಾಕಿದವನದ್ದು. 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಲಿ ಚೆಕ್ಕಿಗೂ ಈ ಮಾತು ಅನ್ವಯಿಸುತ್ತದೆ ಅಂದಿದೆ. ಕೊನೆಗೆ ಕೇಸು ಗೆಲ್ಲಬಹುದು. ಆದರೆ ಅಲ್ಲಿಯವರೆಗೆ ರಿಪ್ಪನ್‌ಪೇಟೆಯಿಂದ ಶಿವಮೊಗ್ಗ ಕೋರ್ಟಿಗೆ ಓಡಾಡುವವರು ಯಾರು? ತೋಟದ ಕೆಲಸ ಯಾರು ನೋಡುವವರು?

ಹಾಗಾಗಿ ನಮ್ಮ ಗುರಿ ತೀರ್ಮಾನವಾಯಿತು. ಮೊದಲು ಚೆಕ್ ಹೊರಗೆ ಬರಬೇಕು. ಆಮೇಲೆ ಐದಾರು ವಾರದ ಇಂಟರ್ನ್‌ಶಿಪ್ ಪತ್ರ. ನಮ್ಮ ವಿಶ್ವವಿದ್ಯಾಲಯ ವಿಟಿಯುವಿನ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಅದಕ್ಕೆ ಕ್ರೆಡಿಟ್ ಇದೆ. ಇಲ್ಲಿಯ ವಾರಗಳನ್ನೂ ಬೆಂಗಳೂರಿನ ವಾರಗಳನ್ನೂ ಸೇರಿಸಿಕೊಳ್ಳಲು ಡಿಪಾರ್ಟ್‌ಮೆಂಟಿನವರು ಒಪ್ಪಿದ್ದರು, ಇಲ್ಲಿಯ ಕಂಪನಿ ಪತ್ರ ಕೊಟ್ಟರೆ ಮಾತ್ರ. ಮೂಲ ಅಂಕಪಟ್ಟಿ ಮೂರನೆಯದು. ಬಾಕಿ ಸ್ಟೈಪೆಂಡ್ ಕೊನೆಗೆ.

ಮಾಲೀಕರ ಕಡೆಯ ಮಾತು

ಮಾಲೀಕರು ಕೆಟ್ಟವರಲ್ಲ. ಇದನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು, ನಮ್ಮೂರಲ್ಲೇ ಏನಾದರೂ ಮಾಡೋಣ ಅಂತ ವಾಪಸ್ ಬಂದವರು. ಅವರ ಆಫೀಸಿಗೆ ಹೋದಾಗ ಮೊದಲ ಅರ್ಧ ಗಂಟೆ ಅವರೇ ಮಾತಾಡಿದರು. ನಾನು ಕೇಳಿಸಿಕೊಂಡೆ.

ಹಿಂದಿನ ವರ್ಷ ಒಬ್ಬ ಹುಡುಗ ಹೇಳದೆ ಕೇಳದೆ ಹೋಗಿದ್ದನಂತೆ. ಫೋನ್ ಸ್ವಿಚ್ ಆಫ್. ಅವನು ಮಾಡುತ್ತಿದ್ದ ಕೆಲಸ ಎಲ್ಲಿದೆ, ಪಾಸ್‌ವರ್ಡ್ ಏನು ಅಂತಲೂ ಗೊತ್ತಾಗದೆ ಒಂದು ಮಂಡಿಯ ಗಿರಾಕಿ ಕೈಬಿಟ್ಟು ಹೋಯಿತು. ಆಮೇಲೆ ಈ ಬಾಂಡ್ ಬಂತು. ಬೆಂಗಳೂರಿನ ಪರಿಚಯದವರೊಬ್ಬರ ಕಾಗದವನ್ನು ತಂದು ಹೆಸರು ಬದಲಾಯಿಸಿಕೊಂಡಿದ್ದರು. 75,000 ಯಾಕೆ ಅಂತ ಕೇಳಿದರೆ ಅದರಲ್ಲಿ ಹಾಗೇ ಇತ್ತು ಅಂದರು.

"ಸಾರ್, ನೀವು ಆರು ತಿಂಗಳು ಅಂತ ಕಳಿಸ್ತೀರಿ. ಮೊದಲ ಎರಡು ತಿಂಗಳು ನಾವು ಕಲಿಸಬೇಕು. ಕಲಿತ ಮೇಲೆ ಬೆಂಗಳೂರಿಗೆ ಹೋಗ್ತಾರೆ. ನಾವೇನು ಬೆಂಗಳೂರಿಗೆ ಜನ ತಯಾರು ಮಾಡಿಕೊಡೋಕೆ ಕೂತಿದೀವಾ?"

ಈ ಮಾತಿನಲ್ಲಿ ಸತ್ಯ ಇದೆ. ಮಲೆನಾಡಿನ ಯಾವ ಸಣ್ಣ ಕಂಪನಿಯನ್ನು ಕೇಳಿದರೂ ಇದೇ ದೂರು. ಮಾಚೇನಹಳ್ಳಿಯಲ್ಲಿ ಐಟಿ ಪಾರ್ಕ್ ಇದೆ, ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ, ಆದರೂ ಓದಿದ ಹುಡುಗರ ಕಣ್ಣು ಬೆಂಗಳೂರಿನ ಮೇಲೇ. ದೊಡ್ಡ ಕಂಪನಿಗಳಿಗೆ ಒಬ್ಬ ಇಂಟರ್ನ್ ಹೋದರೆ ಲೆಕ್ಕಕ್ಕೇ ಇಲ್ಲ. ಒಂದು ಫಾರ್ಮ್ ತುಂಬಿಸಿ, ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಕಳಿಸುತ್ತಾರೆ. ಬಹಳ ಆದರೆ ಮತ್ತೆ ತೆಗೆದುಕೊಳ್ಳಬಾರದು ಅಂತ ಒಂದು ಗುರುತು ಹಾಕಿಕೊಳ್ಳುತ್ತಾರೆ. ಎಂಟು ಜನರ ಆಫೀಸಿನಲ್ಲಿ ಒಬ್ಬರು ಹೋದರೆ ಒಂದು ಕುರ್ಚಿ ಕಣ್ಣೆದುರೇ ಖಾಲಿ. ಮಾಲೀಕರು ಅದನ್ನು ಮೋಸ ಅಂತಲೇ ತೆಗೆದುಕೊಳ್ಳುತ್ತಾರೆ.

ಬಿಳಿ ಹಾಳೆಯ ಲೆಕ್ಕ

ನಾನು ಒಂದೇ ಕೇಳಿದೆ. 75,000 ಬೇಡ ಅನ್ನುತ್ತಿಲ್ಲ, ಆದರೆ ನಿಜವಾಗಿ ಎಷ್ಟು ಖರ್ಚಾಗಿದೆ ಅಂತ ಬರೆದು ಕೊಡಿ. ಅಷ್ಟನ್ನು ಅವಳಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಪ್ರಿಂಟರಿನಿಂದ ಒಂದು ಹಾಳೆ ಎಳೆದುಕೊಂಡರು. ಅವಳಿಗೆ ಕಲಿಸಿದ್ದು ಅವರ ಹಿರಿಯ ಎಂಜಿನಿಯರ್. ಅವರ ಸಂಬಳ 32,000. ಮೊದಲ ಮೂರು ವಾರ, ಅಂದರೆ 18 ಕೆಲಸದ ದಿನ, ದಿನಕ್ಕೆ ಎರಡು ಗಂಟೆ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂತ ಭಾಗಿಸಿದರೆ ಗಂಟೆಗೆ 154 ರೂಪಾಯಿ ಹತ್ತಿರ. 36 ಗಂಟೆಗೆ ಸುಮಾರು 5,500. ಸರ್ವರ್ ಖರ್ಚು ಅಂತ ಒಂದು ಸಾವಿರ ಬರೆದರು. ಆಮೇಲೆ ಪೆನ್ನು ನಿಂತಿತು. ಕುರ್ಚಿ, ಕರೆಂಟು, ಕಾಫಿ ಅಂತ ಗೊಣಗಿದರು, ಅವರಿಗೇ ನಗು ಬಂತು, ಬರೆಯಲಿಲ್ಲ. ಕೊನೆಗೆ "ಅಡಿಕೆ ವ್ಯಾಪಾರ ಕಲಿಸಿದ್ದು" ಅಂತ ಬರೆದು ಎದುರಿಗೆ 10,000 ಹಾಕಿದರು.

ಪಕ್ಕದಲ್ಲಿ ನಿಂತಿದ್ದ ಅದೇ ಹಿರಿಯ ಎಂಜಿನಿಯರ್ ತಡೆಯಲಾರದೆ "ಅಣ್ಣಾ, ಅದು ಅವಳೇ ನಮಗೆ ಕಲಿಸಿದ್ದು" ಅಂದುಬಿಟ್ಟರು. ಒಬ್ಬ ಬೆಳೆಗಾರನ ಒಂದೇ ಬಿಲ್ ಪಟ್ಟಿಯಲ್ಲಿ ಮೂರು ಬಗೆಯ ಅಡಿಕೆ ಬರಬೇಕು, ಈಗಿರುವ ಹಾಗೆ ಮೂರು ಪಟ್ಟಿ ಮಾಡಿದರೆ ಮುಂಗಡ ಮೂರು ಸಲ ಕಳೆಯುತ್ತದೆ ಅಂತ ಸೇರಿದ ವಾರವೇ ತೋರಿಸಿದ್ದು ಅವಳಂತೆ. ಮಾಲೀಕರು 10,000ದ ಮೇಲೆ ಒಂದು ಗೀಟು ಎಳೆದರು.

ಉಳಿದದ್ದು 6,500. ಅವಳಿಗೆ ಮಾರ್ಚ್ ತಿಂಗಳ 12 ದಿನದ ಸ್ಟೈಪೆಂಡ್ ಕೊಡಬೇಕಿತ್ತು, ಅದು 3,100ರ ಹತ್ತಿರ. ಅವಳು ಬರೆದ ಭಾಗ ಎರಡು ಮಂಡಿಗಳಲ್ಲಿ ಓಡುತ್ತಿತ್ತು, ಅದಕ್ಕೆ ಕಂಪನಿಗೆ ಹಣ ಬಂದಿತ್ತು. ಅದನ್ನು ಯಾರೂ ಹಾಳೆಯಲ್ಲಿ ಬರೆಯಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ.

ಯಾಕಂದರೆ ಅಷ್ಟರಲ್ಲಿ ಮಾಲೀಕರು ತಾವೇ ಬೇರೆ ಮಾತಿಗೆ ಬಂದಿದ್ದರು. ಮಾರ್ಚ್ ಎಂಡಿಂಗ್. ಮಂಡಿಗಳು ವರ್ಷದ ಲೆಕ್ಕ ಮುಗಿಸಬೇಕು. ಯಾವ ಬೆಳೆಗಾರನ ಮುಂಗಡ ಎಷ್ಟು ಉಳಿದಿದೆ, ಬಡ್ಡಿ ಎಷ್ಟು ಅನ್ನೋದು 31ರೊಳಗೆ ಬರಬೇಕು. ಹೊಸ ಸಾಫ್ಟ್‌ವೇರಿನಲ್ಲಿ ಒಂದು ಮಂಡಿಯ ಬಾಕಿ ಹಳೇ ಪುಸ್ತಕಕ್ಕೆ ತಾಳೆ ಆಗುತ್ತಿರಲಿಲ್ಲ. ನಡುವೆ ಸ್ವಲ್ಪ ಕಟ್ಟಿ ಮತ್ತೆ ಮುಂಗಡ ತೆಗೆದುಕೊಂಡವರ ಬಡ್ಡಿಯಲ್ಲಿ ಏನೋ ಎಡವಟ್ಟು. ಆ ಭಾಗ ಬರೆದವಳು ಒಬ್ಬಳೇ, ಅರ್ಥ ಆಗುವುದು ಅವಳಿಗೆ ಒಬ್ಬಳಿಗೇ. ಮಂಡಿಯಿಂದ ದಿನಕ್ಕೆ ನಾಲ್ಕು ಫೋನು.

ಅವಳು 22ರವರೆಗೆ ಬರುತ್ತೇನೆ ಅಂದಿದ್ದಳು. ಹತ್ತು ದಿನ. ಅಷ್ಟರಲ್ಲಿ ಎಲ್ಲ ಹೇಳಿಕೊಟ್ಟು ಹೋಗಬಹುದಿತ್ತು. ಮಾರನೇ ದಿನವೇ ಬಾಗಿಲು ಹಾಕಿದ್ದು ಕಂಪನಿ. ತರಬೇತಿಯ ನಷ್ಟ 6,500 ಅಂತಲೇ ಇಟ್ಟುಕೊಳ್ಳಿ. ಒಂದು ಮಂಡಿಯ ಗಿರಾಕಿ ಹೋದರೆ ಆಗುವ ನಷ್ಟ ಅದರ ಎಷ್ಟೋ ಪಟ್ಟು, ಮತ್ತೆ ಆ ನಷ್ಟವನ್ನು ತಂದುಕೊಂಡದ್ದು ಸಿಟ್ಟಿನಲ್ಲಿ ಲಾಗಿನ್ ತೆಗೆದ ಕೈ. ಇದನ್ನು ನಾನು ಅವರಿಗೆ ಇಷ್ಟು ಖಾರವಾಗಿ ಹೇಳಲಿಲ್ಲ. ಹಾಳೆ ಅವರ ಮುಂದೇ ಇತ್ತು.

ಬಗೆಹರಿದ ರೀತಿ

ಒಪ್ಪಂದ ಸುಲಭದಲ್ಲೇ ಆಯಿತು. ಶುಕ್ರವಾರ ಮತ್ತು ಶನಿವಾರ, 21 ಮತ್ತು 22, ಅವಳು ಆಫೀಸಿಗೆ ಬಂದು ಹಿರಿಯ ಎಂಜಿನಿಯರ್ ಪಕ್ಕ ಕೂತು ಮುಂಗಡದ ಭಾಗವನ್ನು ಪೂರ್ತಿ ಒಪ್ಪಿಸುವುದು. ತಿಂಗಳ ಕೊನೆಯವರೆಗೆ ಸಂಜೆ ಹೊತ್ತು ಫೋನಿಗೆ ಸಿಗುವುದು. ಕಂಪನಿ 75,000 ಕೇಳುವುದಿಲ್ಲ. ಚೆಕ್, ಅಂಕಪಟ್ಟಿ, ಇಂಟರ್ನ್‌ಶಿಪ್ ಪತ್ರ ಶನಿವಾರ ಸಂಜೆ ಕೊಡುವುದು.

ಹುಡುಗಿಗೆ ಇದನ್ನು ಹೇಳಿದಾಗ ಅವಳು ಮೊದಲು ಒಪ್ಪಲಿಲ್ಲ. "ಸರ್, ಅಪ್ಪನಿಗೆ ಫೋನ್ ಮಾಡಿ ಹೆದರಿಸಿದ್ದಾರೆ. ನಾನ್ಯಾಕೆ ಹೋಗಿ ಸರಿ ಮಾಡಿಕೊಡಬೇಕು?" ಅವಳ ಸಿಟ್ಟು ನ್ಯಾಯವಾದದ್ದೇ. ಆ ಬಾಕಿ ತಾಳೆ ಆಗದಿದ್ದರೆ ತೊಂದರೆ ಆಗುವುದು ಮಾಲೀಕರಿಗೆ ಮಾತ್ರ ಅಲ್ಲಮ್ಮ, ನಿಮ್ಮಪ್ಪನಂಥ ಬೆಳೆಗಾರರ ಲೆಕ್ಕವೂ ಅದರಲ್ಲಿದೆ ಅಂದೆ. ಸುಮ್ನೆ ಕೂತಳು. ಆಮೇಲೆ, ತಪ್ಪು ಎಲ್ಲಿದೆ ಅಂತ ನಂಗೆ ಗೊತ್ತು ಸರ್, ಬಡ್ಡಿಯ ದಿನ ಎಣಿಸುವ ಕಡೆ, ಅಂದಳು. ಗುರುವಾರ ಅದನ್ನೇ ಸರಿ ಮಾಡಬೇಕು ಅಂದುಕೊಂಡಿದ್ದಳಂತೆ. ಗುರುವಾರವೇ ಬಾಗಿಲು ಹಾಕಿದ್ದು.

ಶನಿವಾರ ಸಂಜೆ ನಾನೂ ಹೋದೆ. ಪತ್ರದ ಮೊದಲ ಪ್ರತಿಯಲ್ಲಿ "ತರಬೇತಿ ಪೂರ್ಣಗೊಳಿಸದೆ ನಡುವೆ ಕೆಲಸ ತ್ಯಜಿಸಿರುತ್ತಾರೆ" ಅಂತ ಒಂದು ಸಾಲು ಇತ್ತು. ಆ ಸಾಲು ಇದ್ದರೆ ಪತ್ರ ಕೊಟ್ಟೂ ಕೊಡದ ಹಾಗೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಳು, ಏನು ಮಾಡಿದಳು, ಅಷ್ಟು ಬರೆಯಿರಿ ಸಾಕು ಅಂದೆ. ಸ್ವಲ್ಪ ಜಗ್ಗಾಡಿ ತೆಗೆದರು. ಫೆಬ್ರವರಿ 3ರಿಂದ ಮಾರ್ಚ್ 22 ಅಂತ ಬರೆದು, ಮುಂಗಡ ಮತ್ತು ಬಡ್ಡಿಯ ಲೆಕ್ಕದ ಭಾಗವನ್ನು ಸಿದ್ಧಪಡಿಸಿದ್ದಾರೆ ಅಂತ ಸೇರಿಸಿದರು.

ಅಂಕಪಟ್ಟಿ ಬೀರುವಿನಲ್ಲಿ ಒಂದು ಬಾಕ್ಸ್ ಫೈಲಿನಲ್ಲಿತ್ತು. ಬಾಕ್ಸ್ ತೆರೆದರೆ ಒಳಗೆ ಕಂದು ಕವರುಗಳ ಸಾಲು, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಹೆಸರು. ಇವಳದ್ದು ಒಂದೇ ಅಲ್ಲ, ಬೇರೆ ಕಾಲೇಜುಗಳ ಮಕ್ಕಳದ್ದೂ ಇತ್ತು. ಕೆಲವರು ಪಕ್ಕದ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದರು. ಇವಳ ಕವರಿನಿಂದ ಚೆಕ್ ತೆಗೆದು, ಅಪ್ಪನ ಸಹಿ ತೋರಿಸಿ, ಕ್ಯಾನ್ಸಲ್ ಅಂತ ಅಡ್ಡ ಬರೆದು ಅವಳ ಕೈಗೆ ಕೊಟ್ಟರು. ಬಾಂಡಿನ ಎರಡೂ ಪ್ರತಿಗಳ ಮೇಲೆ, ಇನ್ನು ಯಾರಿಗೆ ಯಾರೂ ಏನೂ ಕೊಡಬೇಕಿಲ್ಲ ಅಂತ ಬರೆದು ಇಬ್ಬರೂ ಸಹಿ ಹಾಕಿದರು. ಈ ಕೊನೆಯದನ್ನು ವಕೀಲರು ಒತ್ತಿ ಹೇಳಿದ್ದರು. ಬಾಯಿಮಾತಿಗೆ ಬಿಟ್ಟರೆ ಎರಡು ವರ್ಷ ಆದ ಮೇಲೆ ಯಾರಾದರೂ ಹಳೇ ಕಾಗದ ಹೊರಗೆ ತೆಗೆಯಬಹುದು.

3,100 ರೂಪಾಯಿಯ ಸ್ಟೈಪೆಂಡ್ ಬರಲಿಲ್ಲ. ಕೇಳಿದರೆ ಕೊಡುತ್ತಿದ್ದರೋ ಏನೋ, ಅವಳೇ ಬೇಡ ಅಂದಳು. ನನಗೆ ಇದು ಇಷ್ಟವಾಗಲಿಲ್ಲ. ದುಡಿದ ದಿನದ ದುಡ್ಡು ಬಿಡಬಾರದು, ಅದು ಎಷ್ಟೇ ಇರಲಿ. ಆದರೆ ಅವಳಿಗೆ ಭಾನುವಾರದ ರೈಲಿಗೆ ಬ್ಯಾಗ್ ತುಂಬುವುದಿತ್ತು.

ಆಮೇಲೆ ಬದಲಾದದ್ದು

ಇದಾಗಿ ಎರಡು ತಿಂಗಳಿಗೆ, 2025ರ ಮೇ 14ರಂದು, ಸುಪ್ರೀಂ ಕೋರ್ಟಿನಿಂದ ವಿಜಯಾ ಬ್ಯಾಂಕ್ ಪ್ರಕರಣದ ತೀರ್ಪು ಬಂತು. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತಿನ ಮೇಲೆ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಹಣ ಕಟ್ಟಿಯೇ ಹೋಗಿ, ಆಮೇಲೆ ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತ್ತು. ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ನಮ್ಮ ಮಾಲೀಕರು ಅದರ ಸುದ್ದಿಯನ್ನು ನನಗೆ ವಾಟ್ಸಾಪ್ ಮಾಡಿದರು, ಕೆಳಗೆ ಒಂದು ನಗುವ ಮುಖ.

ಆ ತೀರ್ಪು ಮೊದಲೇ ಬಂದಿದ್ದರೆ ಈ ಪ್ರಕರಣ ಬೇರೆ ಆಗುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಇದ್ದದ್ದು ಸರ್ಕಾರಿ ಬ್ಯಾಂಕು. ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ, ಎಲ್ಲರಿಗೂ ಅವಕಾಶ ಕೊಟ್ಟು ನೇಮಕ ಮಾಡಬೇಕು, ಒಬ್ಬರು ಹೋದರೆ ಅದೆಲ್ಲ ಮತ್ತೆ. ಬಿಟ್ಟವರು ಒಳ್ಳೆಯ ಸಂಬಳದ ಸೀನಿಯರ್ ಮ್ಯಾನೇಜರ್. ಕೋರ್ಟ್ ಇದನ್ನೆಲ್ಲ ನೋಡಿಯೇ ಆ ಮೊತ್ತ ಅತಿಯಲ್ಲ ಅಂದದ್ದು. 8,000 ಸ್ಟೈಪೆಂಡಿನವಳಿಗೆ 75,000 ಅಂದರೆ ಒಂಬತ್ತು ತಿಂಗಳ ದುಡಿಮೆಗಿಂತ ಜಾಸ್ತಿ. ಆದರೂ ಬಾಂಡ್‌ಗೆ ಬೆಲೆಯೇ ಇಲ್ಲ ಅನ್ನುವ ಹುಡುಗರಿಗೆ ನಾನು ಈಗ ಈ ತೀರ್ಪನ್ನು ಓದಿಸುತ್ತೇನೆ.

ಇನ್ನೊಂದು ಬದಲಾವಣೆ ಅದೇ ವರ್ಷ ನವೆಂಬರ್ 21ರಂದು. ಸಂಬಳದ ವಿಷಯದ ಹೊಸ ಕೇಂದ್ರ ಕಾನೂನು, ವೇತನ ಸಂಹಿತೆ, ಜಾರಿಗೆ ಬಂತು. ಅದರ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿಕೊಂಡವರು ಇದರಲ್ಲಿ ಬರುವುದಿಲ್ಲ, ಅವರ ತಕರಾರು ಅಪ್ರೆಂಟಿಸ್‌ಶಿಪ್ ಸಲಹೆಗಾರರ ಮುಂದೆ ಹೋಗುತ್ತದೆ. ನಮ್ಮ ಹುಡುಗಿಯಂಥವರು ಯಾವ ಪೋರ್ಟಲ್‌ನಲ್ಲೂ ನೋಂದಣಿ ಆಗಿರುವುದಿಲ್ಲ. ಅಂಥವರ ವಿಷಯ ಬಂದಾಗ ಕಾಗದದ ಮೇಲೆ ಇಂಟರ್ನ್ ಅಂತ ಬರೆದದ್ದಕ್ಕಿಂತ, ಕಲಿಸಿದರಾ ಅಥವಾ ಉದ್ಯೋಗಿಯ ಕೆಲಸವನ್ನೇ ಮಾಡಿಸಿದರಾ ಅನ್ನೋದು ಮುಖ್ಯವಾಗುತ್ತದೆ.

ಈಗ ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್‌ಗೆ ಹೋಗುವವರು ಸಹಿ ಹಾಕುವ ಮೊದಲು ಆ ಕಾಗದದ ಫೋಟೋ ನಮಗೆ ಕಳಿಸಬೇಕು. ಮೂಲ ಅಂಕಪಟ್ಟಿ ಕೇಳುವ ಕಂಪನಿಗೆ ನಾವು ಮಕ್ಕಳನ್ನು ಕಳಿಸುವುದಿಲ್ಲ ಅಂತ ಬರೆದು ತಿಳಿಸಿದ್ದೇವೆ. ಒಂದೆರಡು ಕಂಪನಿಗಳು ಮುನಿಸಿಕೊಂಡವು. ಈ ಕಂಪನಿ ಮುನಿಸಿಕೊಳ್ಳಲಿಲ್ಲ, ಯಾಕಂದರೆ ಆ ವರ್ಷ ಅದಕ್ಕೆ ಬೇರೆಯೇ ತಲೆನೋವು. ಶಿವಮೊಗ್ಗ ಎಷ್ಟು ದೊಡ್ಡ ಊರು? ಹುಡುಗಿಯ ಕಥೆ ಪಿಜಿಗಳಲ್ಲಿ, ಕ್ಯಾಂಟೀನುಗಳಲ್ಲಿ ಓಡಾಡಿ, ಮುಂದಿನ ಬ್ಯಾಚಿಗೆ ಅವರು ಕರೆದಾಗ ನಮ್ಮಲ್ಲಿ ಯಾರೂ ಹೆಸರು ಕೊಡಲಿಲ್ಲ. ನಾನು ಯಾರಿಗೂ ಬೇಡ ಅಂದಿರಲಿಲ್ಲ.

ಆಮೇಲೆ ಅವರೇ ಹೊಸ ಕಾಗದ ಮಾಡಿಕೊಂಡು ತೋರಿಸಲು ಬಂದರು. ಒಂದೇ ಪುಟ. ಬಿಡುವವರು ಎರಡು ವಾರ ಮೊದಲು ಹೇಳಬೇಕು. ಆ ಎರಡು ವಾರ ಹೊಸ ಕೆಲಸ ಕೊಡುವುದಿಲ್ಲ, ಇದ್ದದ್ದನ್ನು ಬರೆದು ಒಪ್ಪಿಸುವುದಷ್ಟೇ. ಸ್ಟೈಪೆಂಡ್ ಕೊನೇ ದಿನದವರೆಗೆ. ಪತ್ರ ಕೊನೇ ದಿನವೇ. ಅಂಕಪಟ್ಟಿಯ ಮಾತೇ ಇಲ್ಲ, ಬೀರುವಿನಲ್ಲಿದ್ದ ಕವರುಗಳನ್ನೂ ವಾಪಸ್ ಕೊಟ್ಟಿದ್ದೇನೆ ಅಂದರು. ಹೇಳದೆ ಹೋದವರಿಗೆ ಮಾತ್ರ ಒಂದು ತಿಂಗಳ ಸ್ಟೈಪೆಂಡಿನಷ್ಟು ದಂಡ. ಇದು ನನಗೂ ಸರಿ ಅನ್ನಿಸಿತು.

ಚೆಕ್ಕಿನ ಸಾಲು ಮಾತ್ರ ಹಾಗೇ ಉಳಿದಿತ್ತು. ಒಂದು ತಿಂಗಳ ಸ್ಟೈಪೆಂಡಿಗೆ ಖಾಲಿ ಚೆಕ್ ಯಾಕೆ ಬೇಕು ಅಂತ ಕೇಳಿದೆ. "ಇರ್ಲಿ ಬಿಡಿ ಸಾರ್, ಒಂದು ಧೈರ್ಯಕ್ಕೆ" ಅಂದರು. ಅದನ್ನು ತೆಗೆಯುವವರೆಗೆ ಮಕ್ಕಳನ್ನು ಕಳಿಸಲ್ಲ ಅಂದಿದ್ದೇನೆ. ಈ ಸಲದ ಬ್ಯಾಚಿನ ಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇದೆ, ಅವರು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಾರೆ.